ಬೆಳ್ಳಗಿರುವುದೆಲ್ಲ ಹಿಮವಲ್ಲ

ದಸರೆಗೆ ಕೈಲಾಸ ಕೂರಿಸುವ ತಾಯಂದಿರೇ, ಕ್ರಿಸ್ಮಸ್‌ಗೆ ಗೋದಲಿ ಕಟ್ಟುವ ಯುವಕ ಯುವತಿಯರೇ, ಶಾಲೆಯ ಎಕ್ಸಿಬಿಷನ್‌ಗೆಂದು ಹಿಂದಿನ ರಾತ್ರಿ ಊಟ ಮುಗಿಸಿ ಹಿಮಾಲಯ ಮಾಡಲು ಕೂರುವ ಅಪ್ಪ ಅಮ್ಮಂದಿರೇ, ಅದನ್ನು ಮಾಡಿಕೊಂಡು ಬಾ ಎಂದು ಹೇಳಿ ಕಳಿಸುವ ಮೇಷ್ಟ್ರುಗಳೇ, ಮೇಡಂಗಳೇ,



ನಾನು ಕೇಳಲು ಹೊರಟಿರುವುದು ದೊಡ್ಡ ಸಂಗತಿಯೇನಲ್ಲ. ಈ ಸಲ ಹಿಮದ ದೃಶ್ಯ ಕಟ್ಟುವಾಗ ಹತ್ತಿಯ ಸುರುಳಿಗೋ ಥರ್ಮಾಕೋಲ್ ಕಾಳಿನ ಪೊಟ್ಟಣಕ್ಕೋ ಕೈಹಾಕುವ ಮುಂಚೆ ಒಂದು ಗಳಿಗೆ ತಡೆಯಿರಿ. ಹಿಮ ಎಲ್ಲಿ ಬೀಳುತ್ತದೆ, ಬಿದ್ದದ್ದು ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂದು ಯೋಚಿಸಿ. ಪುಡಿ, ಅಂಟು, ಬಣ್ಣ ಎಲ್ಲ ಅದಾದ ಮೇಲಿನ ಮಾತು.

ಇದನ್ನೆಲ್ಲ ಹೇಳಲು ನೀವ್ಯಾರು ಎಂದು ಕೇಳುವ ಹಕ್ಕು ನಿಮಗಿದೆ. ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ನಾಟಕದವರಿಗೆ ಪರದೆ ಬರೆದುಕೊಟ್ಟಿದ್ದೇನೆ. ಚಳಿಗಾಲದಲ್ಲಿ ಹಿಮಾಚಲದ ಊರುಗಳಲ್ಲಿ ಸ್ಕೆಚ್ ಪುಸ್ತಕ ಹಿಡಿದು, ಬೆರಳು ಮರಗಟ್ಟುವ ತನಕ ಕೂತಿದ್ದೇನೆ. ಇಲ್ಲಿ ಮೈಸೂರಿನಲ್ಲಿ ಗೊಂಬೆ ಸ್ಪರ್ಧೆಗೋ ವಿಜ್ಞಾನದ ಎಕ್ಸಿಬಿಷನ್‌ಗೋ ತೀರ್ಪುಗಾರರು ಸಾಲದೆ ಬಂದಾಗ ನನ್ನನ್ನು ಕರೆಯುತ್ತಾರೆ. ಹಾಗೆ ಹೋದಾಗ ಕಂಡದ್ದು ಈ ಪತ್ರ ಬರೆಸುತ್ತಿದೆ.

ನಮ್ಮವರ ಗೊಂಬೆಯ ಮೆಟ್ಟಿಲುಗಳ ಮುಂದೆ ನಿಂತು ನೋಡಿ. ಶೆಟ್ಟರ ಅಂಗಡಿಯ ತಕ್ಕಡಿಯಲ್ಲಿ ನಿಜವಾದ ಬೇಳೆ ಇರುತ್ತದೆ. ಮದುವೆ ಸೆಟ್ಟಿನ ವಾಲಗದವನ ಕೆನ್ನೆ ಉಬ್ಬಿರುತ್ತದೆ. ಪಕ್ಕದ ಪಾರ್ಕಿಗೆ ವಾರದ ಮುಂಚೆಯೇ ರಾಗಿ ಚೆಲ್ಲಿ, ನೀರು ಚಿಮುಕಿಸಿ ಪೈರು ಬರಿಸಿರುತ್ತಾರೆ. ಹುಲ್ಲು ಹುಲ್ಲಿನ ಹಾಗೆಯೇ ಇರಬೇಕೆಂಬ ಹಟ ಅದು, ನನಗೆ ಬಹಳ ಇಷ್ಟ. ಅದೇ ಮನೆಯಲ್ಲಿ ಅದೇ ಕೈಗಳು ಕಟ್ಟಿದ ಕೈಲಾಸಕ್ಕೆ ಬಂದರೆ, ಒಂದು ಮೊನಚು ಗುಡ್ಡ, ಅದರ ಮೇಲೆ ಬುಡದಿಂದ ತುದಿಯವರೆಗೆ ಹೊದೆಸಿದ ಹತ್ತಿ. ಪಾರ್ವತಿ ಪರಮೇಶ್ವರರು ಹಾಸಿಗೆ ಅಂಗಡಿಯಲ್ಲಿ ಕೂತಂತೆ ಕಾಣುತ್ತಾರೆ.

ಟಿಬೆಟಿನಲ್ಲಿರುವ ನಿಜವಾದ ಕೈಲಾಸದ ಫೋಟೋಗಳು ಈಗ ಎಲ್ಲರ ಫೋನಿಗೂ ಸಿಗುತ್ತವೆ. ಒಂದನ್ನು ತೆರೆದು ನಿಧಾನವಾಗಿ ನೋಡಿ. 6,638 ಮೀಟರ್ ಎತ್ತರದ ಆ ಪರ್ವತ ಬೆಳ್ಳಗಿನ ಗುಡ್ಡವಲ್ಲ. ಬೆಣಚುಕಲ್ಲು ಜಲ್ಲಿಕಲ್ಲುಗಳು ಯುಗಗಟ್ಟಲೆ ಒತ್ತಿ ಅಂಟಿಕೊಂಡು ಆದ ಕಪ್ಪು ಬಂಡೆ ಅದು, ಪದರ ಪದರವಾಗಿದೆ. ಒಂದೊಂದು ಪದರದ ಅಂಚಿನಲ್ಲೂ ಹಿಮ ಅಡ್ಡಗೆರೆಯಾಗಿ ಕೂತಿದೆ. ದಕ್ಷಿಣದ ಮುಖದಲ್ಲಿ ಮೇಲಿಂದ ಕೆಳಗೆ ಒಂದು ಸೀಳು, ಅದರೊಳಗೂ ಹಿಮ. ನೆಟ್ಟಗೆ ಎದ್ದ ಉತ್ತರದ ಗೋಡೆಯಲ್ಲಂತೂ ಬಂಡೆಯೇ ಹೆಚ್ಚು. ನೋಡಿದವರ ಎದೆ ಝಲ್ಲೆನ್ನುವುದು ಆ ಕಪ್ಪಿನ ಮೇಲಿನ ಬಿಳಿಯಿಂದ. ಕಪ್ಪನ್ನು ಪೂರ್ತಿ ಮುಚ್ಚಿಬಿಟ್ಟರೆ ಕೈಲಾಸವೂ ಒಂದೇ, ಸಕ್ಕರೆಯ ಗುಡ್ಡೆಯೂ ಒಂದೇ.

ಹಿಮದ ದೃಶ್ಯ ಗೆಲ್ಲುವುದೂ ಸೋಲುವುದೂ ಬಿಳಿ ಹಾಕದೆ ಬಿಟ್ಟ ಜಾಗದಲ್ಲಿ. ಇದನ್ನು ಒಪ್ಪಿಸಲು ನಾನು ಇಷ್ಟುದ್ದ ಬರೆಯುತ್ತಿದ್ದೇನೆ.

ಹಿಮ ಮೇಲಿನಿಂದ ಬೀಳುತ್ತದೆ. ಇದೇನು ಹೇಳಬೇಕಾದ ಮಾತೇ ಅನ್ನಬೇಡಿ. ನಾನು ನೋಡಿದ ಮಾಡೆಲ್‌ಗಳಲ್ಲಿ ಅರ್ಧಕ್ಕರ್ಧ ಹಿಮ ಗೋಡೆಯ ಮೇಲೆ, ಕೊಂಬೆಯ ಅಡಿಯಲ್ಲಿ, ಸೂರಿನ ಒಳಗೆ ಅಂಟಿಕೊಂಡಿರುತ್ತದೆ. ಬಿದ್ದ ಹಿಮ ಸಮತಟ್ಟಿನಲ್ಲಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಸ್ವಲ್ಪ ಹೊತ್ತು ನಿಂತು ಯೋಚಿಸುತ್ತದೆ, ಕಡಿದಾದ ಬಂಡೆಯಿಂದ ಜಾರಿ ಬುಡದಲ್ಲಿ ರಾಶಿ ಬೀಳುತ್ತದೆ. ಗಾಳಿ ಬೀಸಿದ್ದರೆ ಲೆಕ್ಕವೇ ಬೇರೆ. ಗಾಳಿಗೆ ಎದುರಾದ ಕಡೆ ಮರದ ಕಾಂಡಕ್ಕೆ ಒಂದು ಬಿಳಿ ಪಟ್ಟೆ ಮೆತ್ತಿಕೊಂಡಿರುತ್ತದೆ, ಆದರೆ ದೊಡ್ಡ ದಿಬ್ಬ ಬೆಳೆಯುವುದು ಗಾಳಿಯ ಮರೆಯಲ್ಲಿ, ಬೇಲಿಯ ಆಚೆ, ಮನೆಯ ಹಿಂದೆ. ಆದ್ದರಿಂದ ಕೆಲಸ ಶುರು ಮಾಡುವ ಮುಂಚೆ ನಿಮ್ಮ ಹಲಗೆಯ ಒಂದು ಮೂಲೆಗೆ ಪೆನ್ಸಿಲಿನಲ್ಲಿ ಬಾಣದ ಗುರುತು ಹಾಕಿ, ಗಾಳಿ ಈ ಕಡೆಯಿಂದ ಬಂತು ಎಂದು. ಇನ್ನೊಂದು ಗುರುತು ಸೂರ್ಯನಿಗೆ. ಈ ಎರಡು ಬಾಣ ಇದ್ದರೆ ನಿಮ್ಮ ದೃಶ್ಯದ ಒಂದೊಂದು ಮನೆಗೂ ಮರಕ್ಕೂ ಹಿಮ ಎಲ್ಲಿ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಸೂರ್ಯನ ಬಾಣ ಯಾಕೆ? ಶಿಮ್ಲಾದಲ್ಲಿ ನಾನಿದ್ದ ಬೀದಿ ಒಂದು ಏಣಿನ ಮೇಲಿತ್ತು. ಹಿಮ ಬಿದ್ದು ಆಕಾಶ ತಿಳಿಯಾದ ಮೇಲೆ ದಕ್ಷಿಣಕ್ಕೆ ಮುಖಮಾಡಿದ ಮಗ್ಗುಲಲ್ಲಿ ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು, ನೆಲ ಕಂದು ಬಣ್ಣಕ್ಕೆ ಮರಳಿತ್ತು. ಅದೇ ಏಣಿನ ಉತ್ತರದ ಮಗ್ಗುಲಲ್ಲಿ ಹಿಮ ಹಾಗೇ ಇತ್ತು, ಮೆಟ್ಟಿಲ ಮೇಲೆ ಗಾಜಿನಂತೆ ಗಟ್ಟಿಯಾಗಿ, ಮುದುಕರು ಕಂಬಿ ಹಿಡಿದು ಇಳಿಯುತ್ತಿದ್ದರು. ತಗಡಿನ ಚಾವಣಿಗಳಿಂದ ಹಿಮ ಒಟ್ಟೊಟ್ಟಿಗೆ ಜಾರಿ ಬಿದ್ದು ಕೆಂಪು ಹಸಿರು ಬಣ್ಣ ಅರ್ಧ ಕಾಣುತ್ತಿತ್ತು, ಸೂರಿನ ಕೆಳಗೆ ಉದ್ದಕ್ಕೂ ಒಂದು ದಿಣ್ಣೆ. ಒಲೆ ಉರಿಯುವ ಕೋಣೆಯ ಮೇಲಿನ ಚಾವಣಿ ಬೇಗ ಬೋಳಾಗುತ್ತದೆ. ಕರಗಿದ ನೀರು ಸೂರಿನ ತಣ್ಣನೆ ಅಂಚಿಗೆ ಬಂದು ಮತ್ತೆ ಹೆಪ್ಪುಗಟ್ಟಿ ಕಡ್ಡಿಗಳಾಗಿ ಇಳಿಬೀಳುತ್ತದೆ. ನಾರ್ಕಂಡಾ ಕಡೆಯ ದೇವದಾರು ಮರಗಳಲ್ಲಿ ಕೊಂಬೆಗಳು ಅಡ್ಡಡ್ಡ ಚಾಚಿ ಹಿಮವನ್ನು ಅಂತಸ್ತು ಅಂತಸ್ತಾಗಿ ಹೊತ್ತಿದ್ದವು, ಒಂದೊಂದು ಅಂತಸ್ತಿನ ಕೆಳಗೂ ಕಡು ಹಸಿರಿನ ನೆರಳು. ಕಾಂಡದ ಸುತ್ತ ಮಾತ್ರ ತಗ್ಗು, ಮೇಲಿನ ಕೊಂಬೆಗಳು ಹಿಮವನ್ನು ತಡೆದಿದ್ದರಿಂದ. ರಸ್ತೆಯ ಬದಿಗೆ ಸರಿಸಿ ಹಾಕಿದ ಹಿಮ ಬೂದಿ ಬಣ್ಣದ್ದು, ಅದರಲ್ಲಿ ಕೆಸರು, ಎಲೆ, ಬಿಸ್ಕತ್ತಿನ ಕಾಗದ.

ನಿಮ್ಮ ಪುಟ್ಟ ಊರಿನಲ್ಲೂ ಜನ ಓಡಾಡುತ್ತಾರೆ ತಾನೇ? ಬಾಗಿಲಿನಿಂದ ಬಾವಿಗೆ ಒಂದು ಕಾಲುದಾರಿ ತುಳಿದಿರಲಿ. ದನದ ಕೊಟ್ಟಿಗೆಯ ಮುಂದೆ ಹಿಮ ಕಲಸಿ ಕೆಸರಾಗಿರಲಿ.

ಇನ್ನು ಗಾತ್ರದ ಮಾತು. ಇದಕ್ಕೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಣಾಕಾರ ಮಾಡಿಸಿ. ಐದೂವರೆ ಅಡಿಯ ಮನುಷ್ಯ ನಿಮ್ಮ ದೃಶ್ಯದಲ್ಲಿ ಮೂರು ಇಂಚಿನ ಗೊಂಬೆಯಾಗಿದ್ದರೆ ನೀವು ಜಗತ್ತನ್ನು 22 ಪಟ್ಟು ಕುಗ್ಗಿಸಿದ್ದೀರಿ. ಅಂಗಡಿಯ ಥರ್ಮಾಕೋಲ್ ಕಾಳು 3 ಮಿಲಿಮೀಟರ್ ಇದ್ದರೆ ಆ ಗೊಂಬೆಯ ಕಣ್ಣಿಗೆ ಅದು 6.6 ಸೆಂಟಿಮೀಟರ್, ಅಂದರೆ ಒಂದು ಟೆನಿಸ್ ಚೆಂಡು. ಪಾಪ, ಅವನ ಊರಿನ ಮೇಲೆ ಟೆನಿಸ್ ಚೆಂಡುಗಳ ಮಳೆಯಾಗಿದೆ! ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2001ರಿಂದ ಇರುವ ಮಿನಿಯಾಟೂರ್ ವುಂಡರ್‌ಲ್ಯಾಂಡ್ ಎಂಬ ಪ್ರಸಿದ್ಧ ಆಟಿಕೆ ರೈಲು ಪ್ರದರ್ಶನದ ಅಳತೆ 87ಕ್ಕೆ 1. ಅಲ್ಲಿ ಈ ಕಾಳು ಉದುರಿಸಿದರೆ ಒಂದೊಂದೂ ಫುಟ್‌ಬಾಲಿಗಿಂತ ದೊಡ್ಡದು. ನಿಜವಾದ ಹಿಮದ ಹಳುಕು 5 ಮಿಲಿಮೀಟರ್ ಎಂದಿಟ್ಟುಕೊಂಡರೂ ನಿಮ್ಮ ಮೂರಿಂಚಿನ ಗೊಂಬೆಯ ಜಗತ್ತಿನಲ್ಲಿ ಅದು ಕಾಲು ಮಿಲಿಮೀಟರಿಗಿಂತ ಕಡಿಮೆ ಇರಬೇಕು. ಕಣ್ಣಿಗೆ ಕಾಳು ಬಿಡಿಬಿಡಿಯಾಗಿ ಕಂಡರೆ ಅದು ಹಿಮವಲ್ಲ. ಹತ್ತಿಯದ್ದೂ ಇದೇ ತಕರಾರು, ಅದರ ಎಳೆಗಳು ಗೊಂಬೆಯ ಪಾಲಿಗೆ ಹಗ್ಗಗಳು.

ಬಿಳುಪಿನ ಬಗ್ಗೆಯೂ ಒಂದು ಸಣ್ಣ ಪಾಠ ಮನೆಯಲ್ಲೇ ಮಾಡಬಹುದು. ಫ್ರಿಜ್ಜಿನಿಂದ ಐಸ್ ತುಂಡೊಂದನ್ನು ತೆಗೆದು ಮಗುವಿನ ಕೈಗೆ ಕೊಡಿ. ಬಹುಮಟ್ಟಿಗೆ ಪಾರದರ್ಶಕವಾಗಿರುತ್ತದೆ. ಅದನ್ನೇ ಬಟ್ಟೆಯಲ್ಲಿ ಸುತ್ತಿ ಕಲ್ಲಿನಿಂದ ಜಜ್ಜಿ ತೋರಿಸಿ, ಬೆಳ್ಳಗಾಗಿರುತ್ತದೆ. ಒಳಗೆ ಬಿಳಿ ಬಣ್ಣವೇನೂ ಇಲ್ಲ, ಸಾವಿರಾರು ಅಂಚುಗಳು ಬೆಳಕನ್ನು ಎಲ್ಲ ಕಡೆಗೂ ಚೆದುರಿಸುತ್ತವೆ, ಅಷ್ಟೇ. ಈಗಷ್ಟೇ ಬಿದ್ದ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ. ತನ್ನದೇ ಬಣ್ಣವಿಲ್ಲದ್ದರಿಂದ ಹಿಮಕ್ಕೆ ಸುತ್ತಲಿನ ಬೆಳಕಿನ ಬಣ್ಣ ಬೇಗ ಹತ್ತುತ್ತದೆ. ಬಿಸಿಲಿರುವ ದಿನ ಅದರ ನೆರಳು ಬೂದಿಯಲ್ಲ, ನೀಲಿ. ಆ ಭಾಗಕ್ಕೆ ಬೆಳಕು ಕೊಡುವುದು ನೀಲಿ ಆಕಾಶ ಮಾತ್ರ. ಹಿಂದೆ ನಮ್ಮ ಮನೆಗಳಲ್ಲಿ ಸುಣ್ಣ ಬಳಿಯುವಾಗ ಬಿಳುಪು ಎದ್ದು ಕಾಣಲೆಂದು ಚೂರು ನೀಲಿ ಬೆರೆಸುತ್ತಿದ್ದರು. ಅದೇ ವಿದ್ಯೆಯನ್ನು ಇಲ್ಲಿ ತನ್ನಿ. ಬಿಳಿ ಬಣ್ಣಕ್ಕೆ ಬಟ್ಟೆಗೆ ಹಾಕುವ ನೀಲಿಯ ಒಂದೆರಡು ತೊಟ್ಟು ಸೇರಿಸಿ, ತಗ್ಗುಗಳಲ್ಲಿ, ದಿಬ್ಬದ ಮರೆಯಲ್ಲಿ, ಹೆಜ್ಜೆಗುರುತಿನ ಒಳಗೆ ತೆಳ್ಳಗೆ ಹಚ್ಚಿ. ಏರುಗಳ ನೆತ್ತಿಗೆ ಮಾತ್ರ ಅಪ್ಪಟ ಬಿಳಿ. ಬಿಸಿಲು ಬೀಳುವ ಬದಿಗೆ ಬೇಕಾದರೆ ಕೆನೆಯ ಛಾಯೆ. ದಯಮಾಡಿ ನೀಲಿ ಎಲ್‌ಇಡಿ ಬಲ್ಬು ಹಾಕಿ ಇಡೀ ದೃಶ್ಯವನ್ನು ಮೀನಿನ ತೊಟ್ಟಿ ಮಾಡಬೇಡಿ. ಕಿಟಕಿಯೊಳಗೆ ಒಂದು ಹಳದಿ ದೀಪ ಸಾಕು, ಚಳಿ ತಾನೇ ಹುಟ್ಟುತ್ತದೆ.

ಹಾಗಾದರೆ ಯಾವ ಪುಡಿ? ಈ ಪ್ರಶ್ನೆಗೆ ನಮ್ಮ ಅಡುಗೆಮನೆಗಳು ಕೊಟ್ಟ ಉತ್ತರಗಳನ್ನೆಲ್ಲ ನೋಡಿದ್ದೇನೆ: ಮೈದಾ, ಸಕ್ಕರೆ, ಕೊಬ್ಬರಿ ತುರಿ, ರವೆ. ಎರಡನೆಯ ದಿನ ಕೈಲಾಸಕ್ಕೆ ಇರುವೆಗಳ ಯಾತ್ರೆ ಹೊರಡುತ್ತದೆ. ಆದರೂ ರವೆಯನ್ನು ಹಗುರವಾಗಿ ಕಾಣಬೇಡಿ. ವಿಯೆನ್ನಾದಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ ಮಾಡುತ್ತಿದ್ದ ಎರ್ವಿನ್ ಪೆರ್ಜಿ ಎಂಬಾತ 1900ರ ಹೊತ್ತಿಗೆ ದೀಪದ ಬೆಳಕು ಹೆಚ್ಚಿಸಲು ಹೊರಟು, ನೀರು ತುಂಬಿದ ಗಾಜಿನ ಗೋಳದಲ್ಲಿ ರವೆ ಹಾಕಿ ನೋಡಿದ. ಬೆಳಕು ಹೆಚ್ಚಲಿಲ್ಲ. ರವೆ ತೇಲುತ್ತ ಇಳಿಯುವುದು ಮಾತ್ರ ಹಿಮ ಬಿದ್ದಂತೆ ಕಂಡಿತು. ಅಲುಗಿಸಿದರೆ ಒಳಗೆ ಹಿಮ ಸುರಿಯುವ ಗಾಜಿನ ಗೋಳದ ಆಟಿಕೆಯನ್ನು ಆ ಮನೆತನ ಇವತ್ತಿಗೂ ವಿಯೆನ್ನಾದಲ್ಲಿ ಮಾಡುತ್ತಿದೆ. ನಮ್ಮ ಉಪ್ಪಿಟ್ಟಿನ ಸಾಮಗ್ರಿಗೆ ಅಂಥ ವಂಶಾವಳಿಯೂ ಉಂಟು.

ಸಿನಿಮಾದವರ ಕತೆ ಇಷ್ಟು ಸಿಹಿಯಲ್ಲ. ಹಾಲಿವುಡ್‌ನಲ್ಲಿ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಸುರಿದು ಹಿಮ ತೋರಿಸುತ್ತಿದ್ದ ಕಾಲವಿತ್ತು. ನಟರು ನಡೆದರೆ ಕರಕರ ಸದ್ದು, ಮಾತು ಧ್ವನಿಮುದ್ರಣಕ್ಕೆ ಸಿಗುತ್ತಿರಲಿಲ್ಲ. 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರಕ್ಕೆ ಬೆಂಕಿ ಆರಿಸುವ ನೊರೆ, ಸೋಪು, ನೀರು ಸೇರಿಸಿ ಸದ್ದಿಲ್ಲದ ಹಿಮ ಮಾಡಿದರು. ಆ ತಂಡಕ್ಕೆ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ಇದೇ ಸುಮಾರಿನಲ್ಲಿ ಅಮೆರಿಕದ ಅಂಗಡಿಗಳಲ್ಲಿ ಕ್ರಿಸ್ಮಸ್ ಮರಕ್ಕೆ ಉದುರಿಸುವ ಹಿಮವೆಂದು ಡಬ್ಬದಲ್ಲಿ ತುಂಬಿ ಮಾರುತ್ತಿದ್ದುದು ಏನು ಗೊತ್ತೇ? ಕಲ್ನಾರು, ನಮ್ಮ ಆಸ್ಬೆಸ್ಟಾಸ್ ಶೀಟಿನೊಳಗಿನ ಅದೇ ನಾರು. ಹತ್ತಿಗೆ ಬೆಂಕಿ ಹತ್ತುತ್ತದೆ, ಇದಕ್ಕೆ ಹತ್ತುವುದಿಲ್ಲ ಎಂಬುದು ಅದರ ಹೆಗ್ಗಳಿಕೆ. ಅದು ಪುಪ್ಪುಸದಲ್ಲಿ ಕೂತು ಕ್ಯಾನ್ಸರ್ ತರುತ್ತದೆಂದು ಜನಕ್ಕೆ ತಿಳಿಯುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳು ಅದರಲ್ಲಿ ಆಡಿಯಾಗಿತ್ತು.

ಮಕ್ಕಳ ಕೈಗೆ ಕೊಡುವ ಬಿಳಿ ಪುಡಿಯ ಬಗ್ಗೆ ನಾನು ಇಷ್ಟು ಗೊಣಗುವುದು ಇದಕ್ಕೇ. ಕೇರಂ ಬೋರ್ಡಿನ ಪೌಡರ್ ಹಿಮದ ಹಾಗೆ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಅಂಥ ಪೌಡರುಗಳಲ್ಲಿ ಹಲವು ಬೋರಿಕ್ ಆಮ್ಲ, ಬಾಯಿಗೆ ಹೋದರೆ ವಿಷ. ಮುಖದ ಪೌಡರ್ ಗಾಳಿಯಲ್ಲಿ ಹಾರಿ ಎದೆಯೊಳಗೆ ಸೇರುತ್ತದೆ. ನೀರು ಹಾಕಿದರೆ ಉಬ್ಬುವ ‘ದಿಢೀರ್ ಹಿಮ’ವನ್ನು ಪುಟ್ಟ ಮಕ್ಕಳು ನುಂಗಿದರೆ ಹೊಟ್ಟೆಯಲ್ಲೂ ಉಬ್ಬುತ್ತದೆ. ಹುಟ್ಟುಹಬ್ಬಕ್ಕೆ ಎರಚಾಡುವ ಸ್ನೋ ಸ್ಪ್ರೇಗೆ ದೀಪದ ಹತ್ತಿರ ಭಗ್ ಎಂದು ಬೆಂಕಿ ಹತ್ತುತ್ತದೆ. ಗೋದಲಿ ಕಟ್ಟುವ ಗೆಳೆಯರೇ, ನಿಮ್ಮನ್ನು ವಿಶೇಷವಾಗಿ ಬೇಡಿಕೊಳ್ಳುತ್ತೇನೆ: ಒಣಹುಲ್ಲು, ಅದರ ಮೇಲೆ ಬಿಡಿಸಿದ ಹತ್ತಿ, ಅದರ ನಡುವೆ ರಾತ್ರಿಯಿಡೀ ಉರಿಯುವ ಸೀರಿಯಲ್ ಸೆಟ್ ಮೂರನ್ನೂ ಒಟ್ಟಿಗೆ ಇಡಬೇಡಿ.

ಥರ್ಮಾಕೋಲ್ ವಿಷಯದಲ್ಲಿ ನನ್ನ ಅಭಿಪ್ರಾಯವೇ ಬೇಕಾಗಿಲ್ಲ. ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಗಿದೆ. ಪರಿಸರ ಸಂರಕ್ಷಣೆ ಎಂದು ಬೋರ್ಡು ಬರೆದ ಥರ್ಮಾಕೋಲ್ ಮಾಡೆಲ್‌ಗಳಿಗೆ ಬಹುಮಾನ ಕೊಡುವ ಶಾಲೆಗಳು ಮಾತ್ರ ಇನ್ನೂ ಇವೆ. ಕಾಳುಗಳು ಗಾಳಿಗೆ ಹಾರಿ ಚರಂಡಿ ಸೇರುವುದನ್ನು ಎಕ್ಸಿಬಿಷನ್ ಮುಗಿದ ಸಂಜೆ ಶಾಲೆಯ ಅಂಗಳದಲ್ಲಿ ನೀವೇ ನೋಡಬಹುದು. ಚಮಕಿಯೂ ಪ್ಲಾಸ್ಟಿಕ್ಕೇ, ಅದೂ ಬೇಡ.

ನಾನು ಬಳಸುವುದು ಚಾಕ್ ಪೌಡರ್, ಹಾರ್ಡ್‌ವೇರ್ ಅಂಗಡಿಯಲ್ಲಿ ಪೇಂಟರುಗಳು ಕೊಳ್ಳುತ್ತಾರಲ್ಲ ಅದು. ನುಣ್ಣನೆಯ ರಂಗೋಲಿ ಪುಡಿಯೂ ಆಗುತ್ತದೆ, ಆದರೆ ಎಲ್ಲ ರಂಗೋಲಿ ಪುಡಿಯೂ ಒಂದೇ ಕಲ್ಲಿನದಲ್ಲ. ಒಂದು ಚಿಟಿಕೆಗೆ ನಿಂಬೆರಸ ಹಿಂಡಿ. ಸಣ್ಣಗೆ ನೊರೆ ಬಂದರೆ ಸುಣ್ಣಕಲ್ಲಿನ ಜಾತಿ, ತೆಗೆದುಕೊಳ್ಳಿ. ನೊರೆಯೇ ಬರದೆ, ಬೆರಳಿಗೆ ಮರಳಿನಂತೆ ಚುಚ್ಚಿದರೆ ಬೆಣಚುಕಲ್ಲಿನದು, ಅದರ ದೂಳು ಎದೆಗೆ ಒಳ್ಳೆಯದಲ್ಲ, ಬಿಡಿ. ಯಾವುದೇ ಆದರೂ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಜರಡಿ ಹಿಡಿಯಿರಿ. ಹೊರದೇಶದ ರೈಲು ಮಾದರಿಯವರು ಅಡುಗೆ ಸೋಡಾ ಉದುರಿಸುವುದುಂಟು, ಹೊಸದರಲ್ಲಿ ಅದರ ಚೆಲುವಿಗೆ ಸಾಟಿಯಿಲ್ಲ. ವರ್ಷಗಳು ಕಳೆದಂತೆ ಹಳದಿಗೆ ತಿರುಗುತ್ತದೆಂದು ಅವರೇ ದೂರುತ್ತಾರೆ. ಒಂಬತ್ತು ದಿನದ ಗೊಂಬೆಗೆ ಆದೀತು, ಇಟ್ಟುಕೊಳ್ಳುವ ಕೆಲಸಕ್ಕೆ ಬೇಡ. ಉಪ್ಪಂತೂ ಮಂಗಳೂರಿನ ಕಡೆ ಬೆಳಗಾಗುವುದರೊಳಗೆ ಬೆವರುತ್ತದೆ.

ಮಾಡುವ ಬಗೆ ಹೇಳುತ್ತೇನೆ. ಹಿಮದ ದಪ್ಪವನ್ನು ಪುಡಿಯಿಂದ ತರಬೇಡಿ, ಅಡಿಯ ಆಕಾರದಿಂದ ತನ್ನಿ. ಹಳೆಯ ರಟ್ಟಿನ ಡಬ್ಬ, ಉಂಡೆ ಮಾಡಿದ ಪೇಪರುಗಳಿಂದ ಗುಡ್ಡ ಎಬ್ಬಿಸಿ. ನಮ್ಮ ಅಜ್ಜಿಯರು ಕಾಗದ ನೆನೆಸಿ ಮೆಂತ್ಯ ಸೇರಿಸಿ ರುಬ್ಬಿ ಬುಟ್ಟಿಗಳಿಗೆ ಮೆತ್ತುತ್ತಿದ್ದರಲ್ಲ, ಆ ತಿರುಳಿಗಿಂತ ಒಳ್ಳೆಯ ನೆಲ ಬೇರೆ ಇಲ್ಲ, ಹುಳವೂ ಹತ್ತಿರ ಬರುವುದಿಲ್ಲ. ಬಂಡೆ ಎಲ್ಲಿ ಕಾಣಬೇಕೋ ಅಲ್ಲಿ ಒರಟಾಗಿ ಬಿಡಿ, ಹಿಮ ಕೂರುವ ಕಡೆ ಒದ್ದೆ ಬೆರಳಿನಿಂದ ನಯಮಾಡಿ. ಪೂರ್ತಿ ಒಣಗಿದ ಮೇಲೆ ಮೊದಲು ನೆಲದ ಬಣ್ಣ ಹಚ್ಚಿ: ಕಪ್ಪು, ಕಂದು, ಒಣಹುಲ್ಲಿನ ಹಳದಿ. ಹಿಮ ಬೀಳುವ ಮುಂಚಿನ ಊರನ್ನು ಮೊದಲು ಪೂರ್ತಿ ಕಟ್ಟಿ ಮುಗಿಸಿ. ಇಲ್ಲಿ ಅವಸರ ಮಾಡುವವರೇ ಹೆಚ್ಚು. ಹೇಗಿದ್ದರೂ ಮುಚ್ಚುತ್ತೇವಲ್ಲ ಎನ್ನುತ್ತಾರೆ, ಮತ್ತೆ ಮುಚ್ಚಲೇಬೇಕಾಗಿ ಬರುತ್ತದೆ.

ಆಮೇಲೆ ಚಾಕ್ ಪೌಡರ್, ಬಿಳಿ ಅಕ್ರಿಲಿಕ್ ಬಣ್ಣ, ಸ್ವಲ್ಪ ಫೆವಿಕಾಲ್, ನೀರು ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಬಣ್ಣ ಹಾಕದೆ ಬರೀ ಫೆವಿಕಾಲ್‌ನಲ್ಲಿ ಕಲಸಿದರೆ ಒಣಗಿದಾಗ ಮಂಕಾಗುತ್ತದೆ, ಅಂಟು ಆರಿದಂತೆ ಪಾರದರ್ಶಕವಾಗಿ ಪುಡಿಯ ಬಿಳುಪನ್ನು ನುಂಗುತ್ತದೆ. ಈ ಹಿಟ್ಟನ್ನು ಚಾವಣಿ, ಕಟ್ಟೆ, ಗೋಡೆಯ ತಲೆ, ಬಂಡೆಯ ಅಂಚುಗಳ ಮೇಲೆ ಹಳೆಯ ಬ್ರಷ್ಷಿನಿಂದ ಹಚ್ಚಿ. ಅಂಚು ದುಂಡಗಿರಲಿ, ಚೂಪಾಗುವುದು ಬೇಡ. ಅದು ಇನ್ನೂ ಹಸಿಯಿರುವಾಗಲೇ ಒಣ ಪುಡಿಯನ್ನು ಚಹಾ ಸೋಸುವ ಜಾಲರಿಗೆ ತೆಳುವಾದ ಬಟ್ಟೆ ಕಟ್ಟಿ ಮೊಳದೆತ್ತರದಿಂದ ಉದುರಿಸಿ. ಗಾಳಿಯ ಬಾಣ ಯಾವ ಕಡೆಯಿಂದ ಇದೆಯೋ ಕೈಯೂ ಆ ಕಡೆಯಿಂದಲೇ ಬರಲಿ. ಪುಡಿ ಎಲ್ಲಿ ಬಿದ್ದು ನಿಲ್ಲುತ್ತದೋ ಬಹಳಮಟ್ಟಿಗೆ ಹಿಮವೂ ಅಲ್ಲೇ ನಿಲ್ಲುತ್ತದೆ, ಆ ಕೆಲಸ ಗುರುತ್ವಕ್ಕೇ ಬಿಡಿ. ದಪ್ಪ ಬೇಕಾದರೆ ಒಂದೇ ಸಲ ಸುರಿಯದೆ ತೆಳ್ಳಗೆ ಹಲವು ಸಲ. ನಡುನಡುವೆ ಫೆವಿಕಾಲ್ ಬೆರೆಸಿದ ತಿಳಿನೀರಿಗೆ ಒಂದೆರಡು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ ಮಂಜಿನಂತೆ ಸಿಂಪಡಿಸಿ. ಸೋಪಿಲ್ಲದಿದ್ದರೆ ನೀರು ಹನಿಗಟ್ಟಿ ಪುಡಿಯಲ್ಲಿ ಗುಳಿ ಬೀಳುತ್ತದೆ.

ಮರಗಳಿಗೆ ಹಿಟ್ಟು ಕೊಂಬೆಯ ಮೇಲ್ಮೈಗೆ ಮಾತ್ರ, ಅಡಿಯ ಹಸಿರು ಉಳಿಯಲಿ. ಹೆಪ್ಪುಗಟ್ಟಿದ ಕೊಳಕ್ಕೆ ಕನ್ನಡಿ ಇಡುವ ರೂಢಿ ಬಿಡಿ. ಮಂಕು ಹಸಿರು ನೀಲಿ ಬಳಿದ ರಟ್ಟಿನ ಮೇಲೆ ಪಾರದರ್ಶಕ ಹಾಳೆ ಅಂಟಿಸಿ, ಅದರ ಒಂದು ಮೂಲೆಗೆ ಗಾಳಿ ತಂದಂತೆ ಪುಡಿ ಸರಿಸಿ. ಸೂರಿನ ಹಿಮಗಡ್ಡಿಗೆ ಗ್ಲೂ ಗನ್ನಿನ ಎಳೆ ಸಾಕು, ದೊಡ್ಡವರು ಹಿಡಿಯಲಿ.

ಇಷ್ಟೆಲ್ಲ ಯಾಕೆ, ಮಕ್ಕಳ ಆಟ ತಾನೇ ಎನ್ನುವವರಿಗೆ ಒಂದು ವಿಷಯ ಹೇಳಬೇಕು. ಸಿಯಾಚಿನ್ ನಮ್ಮ ಶಾಲೆಗಳಲ್ಲಿ ಬಹಳ ಜನ ಆರಿಸಿಕೊಳ್ಳುವ ಮಾಡೆಲ್. ಹತ್ತಿ, ಪ್ಲಾಸ್ಟಿಕ್ ಸೈನಿಕರು, ಒಂದು ಬಾವುಟ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಭಾವಚಿತ್ರವನ್ನು ಪಕ್ಕದಲ್ಲಿಟ್ಟ ಮಾಡೆಲ್‌ಗಳನ್ನೂ ನೋಡಿದ್ದೇನೆ. 2016ರ ಫೆಬ್ರುವರಿ 3ರಂದು 19,000 ಅಡಿಗೂ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಅವರೂ ಸೇರಿ ಹತ್ತು ಮಂದಿ ಹೂತುಹೋದರು. ಆರನೆಯ ದಿನ ಹನುಮಂತಪ್ಪ ಅವರನ್ನು ಜೀವಂತ ಹೊರತೆಗೆದರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಎಂಟನೇ ತರಗತಿಯ ಹುಡುಗನೊಬ್ಬ ತನ್ನದೇ ಹತ್ತಿಯ ಸಿಯಾಚಿನ್ ಮುಂದೆ ನಿಂತು ನನ್ನನ್ನು ಕೇಳಿದ: “ಸಾರ್, ಹಿಮ ಅಂದ್ರೆ ಮೆತ್ತಗಿರುತ್ತಲ್ಲ, ಅಗೆಯೋಕೆ ಆರು ದಿನ ಯಾಕೆ ಬೇಕಾಯ್ತು?”

ಹತ್ತಿಯ ಮಾಡೆಲ್ ಆ ಹುಡುಗನಿಗೆ ಕಲಿಸಿದ್ದು ಸುಳ್ಳನ್ನು. ಕುಸಿದ ಹಿಮ ಉರುಳುವಾಗ ಉಜ್ಜಿ ಒತ್ತಿ, ನಿಂತ ಕೂಡಲೇ ಕಾಂಕ್ರೀಟಿನಷ್ಟು ಗಟ್ಟಿಯಾಗುತ್ತದೆ. ಅಲ್ಲಿ ಯಂತ್ರಗಳಿಂದ ಕೊಯ್ದು ಕೊಯ್ದು ಹೋಗಬೇಕಾಯಿತು. ಆ ಗಟ್ಟಿತನ ತೋರಿಸಬೇಕೆಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸನ್ನು ತೆಳ್ಳಗೆ ಹರಡಿ ಒಣಗಿಸಿ, ಹೆಂಟೆ ಹೆಂಟೆಯಾಗಿ ಮುರಿದು, ಮಣ್ಣು ಕಲ್ಲು ಸೇರಿಸಿ ಅಡ್ಡಾದಿಡ್ಡಿ ರಾಶಿ ಹಾಕಿ. ಮಗು ಮುಟ್ಟಿ ನೋಡಲಿ. ಸುಮಾರು 76 ಕಿಲೋಮೀಟರ್ ಉದ್ದದ ಸಿಯಾಚಿನ್ ಹಿಮನದಿಯೂ ಬೆಳ್ಳಗಿನ ಹಾಳೆಯಲ್ಲ. ಬೆಟ್ಟಗಳಿಂದ ಉದುರಿದ ಕಲ್ಲುಮಣ್ಣು ಉದ್ದುದ್ದ ಕಪ್ಪು ಪಟ್ಟೆಗಳಾಗಿ ಅದರ ಜೊತೆಗೇ ಹರಿಯುತ್ತದೆ, ನಡುನಡುವೆ ನೀಲಿ ಬಿರುಕುಗಳಿವೆ. ಪಟ್ಟೆ ಹಾಕಿದರೆ ಹಿಮನದಿ ಹರಿಯುತ್ತದೆ ಎಂಬ ಪಾಠವೂ ಜೊತೆಗೆ ಬರುತ್ತದೆ.

ಗೋದಲಿಯವರಿಗೆ ಇನ್ನೊಂದು ಮಾತಿದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಸಂತ ಫ್ರಾನ್ಸಿಸ್ ಮೊದಲು ಏರ್ಪಡಿಸಿದ ಗೋದಲಿಯ ದೃಶ್ಯದಲ್ಲಿ ಇದ್ದದ್ದು ಹುಲ್ಲು, ಎತ್ತು, ಕತ್ತೆ. ಬೆತ್ಲೆಹೇಮ್ ಏಣಿನ ಮೇಲಿನ ಊರು, ಚಳಿಗಾಲದಲ್ಲಿ ಯಾವಾಗಲೋ ಒಮ್ಮೆ ಹಿಮ ಬೀಳುತ್ತದೆ, ಬಿದ್ದದ್ದು ಹೆಚ್ಚು ದಿನ ಇರುವುದಿಲ್ಲ. ಪೈನ್ ಮರ, ಮೊಣಕಾಲುದ್ದ ಹಿಮ ಎಲ್ಲ ಯೂರೋಪಿನವರು ತಮ್ಮ ಊರಿನ ಡಿಸೆಂಬರಿನಿಂದ ತಂದು ಸೇರಿಸಿದ್ದು. ನೀವೂ ಬಟ್ಟಲಲ್ಲಿ ಪೈರು ಬರಿಸಿ ನಿಮ್ಮ ಊರನ್ನು ಸೇರಿಸುತ್ತೀರಿ, ಅದರಲ್ಲಿ ತಪ್ಪಿಲ್ಲ. ಹಿಮ ಬೇಕೆನಿಸಿದರೆ ಆಲಿವ್ ಮರದ ನೆತ್ತಿಗೆ, ಕಲ್ಲುಕಟ್ಟೆಗಳ ಅಂಚಿಗೆ ಜಾಲರಿಯ ಒಂದೇ ಒಂದು ಉದುರು. ಕಂದು ನೆಲದ ಮೇಲಿನ ಆ ತೆಳು ಬಿಳುಪಿನಲ್ಲಿ ಹಸುಗೂಸಿಗೆ ಹೊದಿಕೆ ಸಾಲದೆನ್ನುವುದು ನೋಡುವವರಿಗೆ ತಟ್ಟುತ್ತದೆ.

ಕೊನೆಗೆ ನನ್ನ ಕೋರಿಕೆಗಳು. ಅಪ್ಪ ಅಮ್ಮಂದಿರೇ, ಮಾಡೆಲ್ ಹೇಳಿದ ದಿನವೇ ಶುರುಮಾಡಿ, ಹಿಂದಿನ ರಾತ್ರಿಗೆ ಉಳಿಸಿಕೊಂಡರೆ ಹತ್ತಿಯೇ ಗತಿ. ಬ್ರಷ್ಷು ಮಗುವಿನ ಕೈಯಲ್ಲಿರಲಿ, ಅಂಕುಡೊಂಕಾದರೂ ಸರಿ. ಮೇಷ್ಟ್ರುಗಳೇ, ಮೇಡಂಗಳೇ, ಥರ್ಮಾಕೋಲ್ ತರಬಾರದೆಂದು ಡೈರಿಯಲ್ಲಿ ಮೊದಲೇ ಬರೆಸಿ, ಎಕ್ಸಿಬಿಷನ್ ದಿನ ಬೈಯಬೇಡಿ. ತೀರ್ಪು ಕೊಡಲು ಹೋಗುವ ನನ್ನ ಜೊತೆಗಾರರೇ, ಹಿಮದ ದೃಶ್ಯದ ಮುಂದೆ ನಿಂತಾಗ ಮಗುವನ್ನು ಎರಡು ಪ್ರಶ್ನೆ ಕೇಳಿ: ಗಾಳಿ ಯಾವ ಕಡೆಯಿಂದ ಬೀಸಿತು? ಬಿಸಿಲು ಯಾವ ಕಡೆಯಿಂದ ಬಂತು? ಬೆರಳು ತೋರಿಸಿ ಹೇಳಿದ ಮಗುವಿಗೆ ಅಂಕ ಕೊಡಿ, ಅದರ ಗುಡ್ಡ ಸೊಟ್ಟಗಿದ್ದರೂ, ಬಾವುಟ ಬಿದ್ದುಹೋಗಿದ್ದರೂ.

ಇತಿ ನಿಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕ
ಮೈಸೂರು